ಟೆಕ್ನಿಷಿಯನ್‌ಗಳನ್ನು ಒಬ್ಬೊಬ್ಬರಾಗಿ ಅಲ್ಲ, ತಂಡವಾಗಿ ಕೆಲಸಕ್ಕೆ ಕಳಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಕೆಲಸದ ವಿವರ ಬರೆಯುವ ಒಂದೇ ಜಾಬ್ ಕಾರ್ಡಿನಲ್ಲಿ ಇಬ್ಬರು ಟೆಕ್ನಿಷಿಯನ್‌ಗಳ ಹೆಸರು ಬರೆದ ಮಾತ್ರಕ್ಕೆ ತಂಡವಾಗುವುದಿಲ್ಲ. ಆದರೆ ತಂಡದ ಶೆಡ್ಯೂಲ್ ಮಾಡಹೊರಟ ಹೆಚ್ಚಿನ ಸರ್ವಿಸ್ ಕಚೇರಿಗಳು ಶುರು ಮಾಡುವುದೇ ಅಲ್ಲಿಂದ. ಮೊದಲ ವಾರ ಹುರುಪಿನಲ್ಲಿ ಕಳೆಯುತ್ತದೆ. ಎರಡನೇ ವಾರಕ್ಕೆ ಒಬ್ಬರು ಸೈಟಿನಲ್ಲಿ ಕಾಯುತ್ತಿರುತ್ತಾರೆ, ಇನ್ನೊಬ್ಬರ ಹಿಂದಿನ ಕೆಲಸ ಮುಗಿದಿರುವುದಿಲ್ಲ. ಮಧ್ಯಾಹ್ನದ ಗ್ರಾಹಕರು ಫೋನಿನ ಮೇಲೆ ಫೋನ್ ಮಾಡುತ್ತಾರೆ. ಯಾರನ್ನು ಎಲ್ಲಿಗೆ ಕಳಿಸಬೇಕೆಂದು ಕಚೇರಿಯಲ್ಲಿ ಕೂತು ತೀರ್ಮಾನಿಸುವ ಡಿಸ್ಪ್ಯಾಚರ್ ತಂಡದಿಂದ ಯಾರನ್ನೋ ಕಿತ್ತು ಇನ್ನೆಲ್ಲಿಗೋ ಓಡಿಸುತ್ತಾರೆ. ತಿಂಗಳು ತುಂಬುವ ಮೊದಲೇ ಎಲ್ಲವೂ ಹಳೆಯ ಹಾದಿಗೆ ಮರಳಿ, ‘ನಮ್ಮಲ್ಲಿ ಇದೆಲ್ಲ ನಡೆಯೋದಿಲ್ಲ’ ಎಂಬ ತೀರ್ಮಾನ ಬಂದುಬಿಡುತ್ತದೆ.

ನಡೆಯುತ್ತದೆ. ಎಡವುತ್ತಿರುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬಲ್ಲಿ. ಕ್ಯಾಲೆಂಡರ್ ತೆರೆದು ಯಾರು ಬಿಡುವಾಗಿದ್ದಾರೆ ಎಂದು ನೋಡುವುದು ಇಲ್ಲಿ ಆರನೇ ಹಂತ. ಅದಕ್ಕೂ ಮೊದಲು ಕೆಲಸವನ್ನೇ ಬಿಡಿಸಿ ನೋಡಬೇಕು: ಇದಕ್ಕೆ ಎಷ್ಟು ಜನ, ಯಾವ ಕಾರಣಕ್ಕೆ, ಎಷ್ಟು ಹೊತ್ತು? ಈ ಮೂರಕ್ಕೆ ಉತ್ತರವಿಲ್ಲದೆ ಕಟ್ಟಿದ ತಂಡ ಒಂದು ಗೈರುಹಾಜರಿಗೇ ಕುಸಿಯುತ್ತದೆ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದ್ದು

ಹಿಂದಿನ ಎರಡು ಮೂರು ತಿಂಗಳ ಜಾಬ್ ಕಾರ್ಡ್‌ಗಳನ್ನು ಒಂದೆಡೆ ತನ್ನಿ. ಸೈಟಿಗೆ ಹೋದ ಸಮಯ, ಹೊರಟ ಸಮಯ, ಎರಡನೇ ಸಲ ಹೋಗಬೇಕಾಗಿ ಬಂದಿದ್ದರೆ ಅದರ ಕಾರಣ, ಇಷ್ಟು ಅವುಗಳಲ್ಲಿ ಇರಬೇಕು. ಎರಡನೇ ಭೇಟಿಯ ಕಾರಣಗಳನ್ನು ಓದುವಾಗ ‘ಹೆಲ್ಪರ್ ಇರಲಿಲ್ಲ’, ‘ಒಬ್ಬರಿಂದ ಎತ್ತಲಾಗಲಿಲ್ಲ’, ‘ಎಲೆಕ್ಟ್ರಿಷಿಯನ್ ಬೇಕಾಯಿತು’ ಎಂಬ ಸಾಲುಗಳಿಗೆ ಗುರುತು ಹಾಕಿ. ನಿಮ್ಮಲ್ಲಿ ತಂಡ ಎಲ್ಲಿ ಬೇಕು ಎಂಬುದನ್ನು ಈ ಸಾಲುಗಳೇ ತೋರಿಸುತ್ತವೆ.

ಇದರ ಜೊತೆಗೆ ರಜೆ, ಪಾಳಿ, ಆನ್‌ಕಾಲ್ (ಕರೆದರೆ ಹೋಗಲು ಸಿದ್ಧರಿರಬೇಕಾದ ಸರದಿ) ಮೂರೂ ಒಟ್ಟಿಗೆ ಕಾಣುವ ಒಂದೇ ಕ್ಯಾಲೆಂಡರ್, ಗಾಡಿಗಳ ಮತ್ತು ದೊಡ್ಡ ಉಪಕರಣಗಳ ಪಟ್ಟಿ, ಯಾರಿಗೆ ಯಾವ ತರಬೇತಿ ಆಗಿದೆ ಮತ್ತು ಅದರ ಅವಧಿ ಯಾವಾಗ ಮುಗಿಯುತ್ತದೆ ಎಂಬ ಪಟ್ಟಿ ಬೇಕು. ಹತ್ತು ಹನ್ನೆರಡು ಟೆಕ್ನಿಷಿಯನ್‌ಗಳ ತನಕ ಇದೆಲ್ಲ ಒಂದು ಎಕ್ಸೆಲ್ ಶೀಟಿನಲ್ಲಿ ನಡೆದುಹೋಗುತ್ತದೆ. ಮೊದಲೇ ಸಾಫ್ಟ್‌ವೇರ್ ಕೊಳ್ಳಬೇಡಿ. ಕಾಗದದ ಮೇಲೆ ತೀರ್ಮಾನವಾಗದ ನಿಯಮವನ್ನು ಸಾಫ್ಟ್‌ವೇರಿಗೆ ಹೇಳಿಕೊಡಲು ಬರುವುದಿಲ್ಲ.

ಹಂತ 1: ತಂಡ ಬೇಕಾದ ಕೆಲಸಗಳನ್ನು ಬೇರ್ಪಡಿಸಿ

ನಿಮ್ಮ ಕೆಲಸದ ಬಗೆಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಒಬ್ಬರಿಗಿಂತ ಹೆಚ್ಚು ಜನ ಏಕೆ ಬೇಕು ಎಂಬ ಕಾರಣ ಬರೆಯಿರಿ. ಒಪ್ಪಬಹುದಾದ ಕಾರಣಗಳು ಐದೇ.

ಮೊದಲನೆಯದು ಸುರಕ್ಷತೆ. ಎತ್ತರದಲ್ಲಿ, ವಿದ್ಯುತ್ ಹರಿಯುತ್ತಿರುವ ಕಡೆ, ಟ್ಯಾಂಕ್ ಅಥವಾ ಮ್ಯಾನ್‌ಹೋಲ್‌ನಂಥ ಇಕ್ಕಟ್ಟಿನ ಜಾಗದಲ್ಲಿ ಒಬ್ಬರನ್ನೇ ಬಿಡುವಂತಿಲ್ಲ. ಎರಡನೆಯದು ಭಾರ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ ಕೊಟ್ಟ ಎತ್ತುವ ಸಮೀಕರಣದಲ್ಲಿ, ಎಲ್ಲವೂ ಅನುಕೂಲವಾಗಿದ್ದಾಗಲೂ ಒಬ್ಬರಿಗೆ ಶಿಫಾರಸು ಮಾಡುವ ಗರಿಷ್ಠ ಭಾರ 23 ಕಿಲೋ. ದೇಹದಿಂದ ದೂರ ಹಿಡಿಯಬೇಕಾದರೆ, ಬಗ್ಗಿ ಅಥವಾ ತಿರುಗಿ ಎತ್ತಬೇಕಾದರೆ ಅದು ಇನ್ನೂ ಇಳಿಯುತ್ತದೆ. ಎಸಿಯ ಹೊರ ಯೂನಿಟ್, ಯುಪಿಎಸ್ ಬ್ಯಾಟರಿ, ಪಂಪ್, ಕಂಪ್ರೆಸರ್‌ಗಳ ತೂಕವನ್ನು ಮೇಲಿನ ಲೇಬಲ್ಲಿನಲ್ಲೇ ಓದಿ ಪಟ್ಟಿಗೆ ಸೇರಿಸಿ, ಅಂದಾಜು ಮಾಡಬೇಡಿ.

ಮೂರನೆಯದು ಒಂದೇ ಹೊತ್ತಿಗೆ ಎರಡು ಕಡೆ ಜನ ಬೇಕಾಗುವುದು. ಕೇಬಲಿನ ಎರಡು ತುದಿ, ಲಿಫ್ಟಿನ ಮೆಷಿನ್ ರೂಮ್ ಮತ್ತು ಕ್ಯಾಬಿನ್, ಕಂಟ್ರೋಲ್ ಪ್ಯಾನೆಲ್ ಮತ್ತು ದೂರದ ಮೋಟಾರು ಇಂಥವು. ನಾಲ್ಕನೆಯದು ಒಂದೇ ಭೇಟಿಯಲ್ಲಿ ಎರಡು ಬೇರೆ ಬೇರೆ ಕೌಶಲ ಬೇಕಾಗುವುದು. ಚಾವಣಿ ಮೇಲೆ ಸೋಲಾರ್ ಹಾಕುವಾಗ ಚೌಕಟ್ಟು ಕೂರಿಸುವವರು ಬೇರೆ, ಇನ್ವರ್ಟರ್‌ಗೆ ವೈರಿಂಗ್ ಮಾಡುವವರು ಬೇರೆ. ಐದನೆಯದು, ಕೆಲಸ ನಡೆಯುವಷ್ಟು ಹೊತ್ತೂ ಗ್ರಾಹಕರ ಯಂತ್ರವೋ ಸೇವೆಯೋ ನಿಂತೇ ಇರುತ್ತದೆ, ಬೇಗ ಮುಗಿಸಲೇಬೇಕು ಎಂಬ ಸ್ಥಿತಿ.

ಐದರಲ್ಲಿ ಒಂದೂ ಹೊಂದದಿದ್ದರೆ ಅದು ಒಬ್ಬರ ಕೆಲಸ. ‘ದೊಡ್ಡ ಗ್ರಾಹಕರು, ಇಬ್ಬರು ಹೋದರೆ ಚೆನ್ನಾಗಿರುತ್ತದೆ’ ಎಂಬುದು ಕಾರಣವಲ್ಲ. ‘ಇರಲಿ, ಒಬ್ಬರು ಜಾಸ್ತಿ’ ಎಂಬುದಂತೂ ಕಾರಣವೇ ಅಲ್ಲ. ಇಲ್ಲಿ ಸಡಿಲ ಬಿಟ್ಟರೆ ಒಬ್ಬರಿಂದ ಆಗುವ ಕೆಲಸಕ್ಕೂ ಇಬ್ಬರು ಹೋಗಿ, ನಿಜಕ್ಕೂ ಇಬ್ಬರು ಬೇಕಾದಲ್ಲಿ ಜನ ಸಿಗದಂತಾಗುತ್ತದೆ.

ಹೊಸಬರಿಗೆ ಕೆಲಸ ಕಲಿಸಲು ಜೊತೆಗೆ ಕಳಿಸುವುದು ಬೇಕೇ ಬೇಕು, ಆದರೆ ಅವರನ್ನು ತಂಡದ ಸಂಖ್ಯೆಗೆ ಸೇರಿಸಬೇಡಿ. ಇಬ್ಬರು ಬೇಕಾದ ಕೆಲಸಕ್ಕೆ ಒಬ್ಬ ಅನುಭವಿ ಮತ್ತು ಒಬ್ಬ ಹೊಸಬ ಹೋದರೆ, ಅಲ್ಲಿ ಕೆಲಸಕ್ಕೆ ಇರುವುದು ಒಬ್ಬರೇ.

ಹಂತ 2: ಪ್ರತಿ ಕೆಲಸಕ್ಕೂ ಎರಡು ಸಂಖ್ಯೆ ಬರೆಯಿರಿ

ಹೆಚ್ಚಿನವರು ‘ಈ ಕೆಲಸಕ್ಕೆ ಮೂವರು’ ಎಂದು ಒಂದೇ ಸಂಖ್ಯೆ ಬರೆದು ಮುಂದೆ ಹೋಗುತ್ತಾರೆ. ಬೇಕಾದದ್ದು ಎರಡು. ಇಷ್ಟು ಜನ ಇಲ್ಲದಿದ್ದರೆ ಕೆಲಸ ಶುರುವಾಗಲೇಬಾರದು ಎಂಬ ಕನಿಷ್ಠ ಸಂಖ್ಯೆ ಒಂದು. ಅಂದುಕೊಂಡ ಹೊತ್ತಿನಲ್ಲಿ ಮುಗಿಯಲು ಬೇಕಾದ ಪೂರ್ಣ ಸಂಖ್ಯೆ ಇನ್ನೊಂದು. ಸೇಲ್ಸ್‌ಫೋರ್ಸ್‌ನ ಫೀಲ್ಡ್ ಸರ್ವಿಸ್ ತಂತ್ರಾಂಶದ ವರ್ಕ್ ಆರ್ಡರ್‌ನಲ್ಲೂ ತಂಡದ ಕನಿಷ್ಠ ಗಾತ್ರ ಮತ್ತು ಶಿಫಾರಸಿನ ಗಾತ್ರಕ್ಕೆ ಎರಡು ಬೇರೆ ಅಂಕಣಗಳಿವೆ. ನಿಮ್ಮದು ಬರೀ ಎಕ್ಸೆಲ್ ಶೀಟ್ ಆದರೂ ಎರಡು ಕಾಲಂ ಇಡಿ.

ಕಾರಣ ಸುರಕ್ಷತೆ ಅಥವಾ ಭಾರವಾಗಿದ್ದರೆ ಆ ಕನಿಷ್ಠ ಸಂಖ್ಯೆಯನ್ನು ಇಳಿಸುವ ಅಧಿಕಾರ ಡಿಸ್ಪ್ಯಾಚರಿಗೂ ಇಲ್ಲ, ಮ್ಯಾನೇಜರಿಗೂ ಇಲ್ಲ ಎಂದು ಬರೆದಿಡಿ. ಆತುರಕ್ಕೆ ಇಬ್ಬರನ್ನು ಹಾಕಿದ್ದರೆ ಇಳಿಸಬಹುದು. ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಜನರ ಲೆಕ್ಕದಲ್ಲಿ ಪದೇ ಪದೇ ಆಗುವ ಒಂದು ತಪ್ಪಿದೆ. ಇಕ್ಕಟ್ಟಿನ ಜಾಗಕ್ಕೆ ಒಬ್ಬರು ಇಳಿದಾಗ ಹೊರಗೆ ನಿಂತು ನಿಗಾ ಇಡುವವರು ಬೇರೆ ಯಾವ ಕೆಲಸವನ್ನೂ ಮಾಡುವಂತಿಲ್ಲ. ಒಳಗಿದ್ದವರಿಗೆ ಏನಾದರೂ ಆದರೆ ತಾವೂ ಒಳಗೆ ಇಳಿಯುವಂತಿಲ್ಲ, ರಕ್ಷಣೆಗೆ ಕರೆಯಬೇಕು. ಹಾಗಾಗಿ ಒಳಗಿನ ಕೆಲಸಕ್ಕೆ ಇಬ್ಬರ ಕೈ ಬೇಕಾದರೆ ಕನಿಷ್ಠ ಸಂಖ್ಯೆ ಮೂರು. ‘ಹೊರಗಿರುವವರು ಬೇಕಾದಾಗ ಒಂದು ಕೈ ಹಾಕುತ್ತಾರೆ ಬಿಡಿ’ ಎಂದುಕೊಂಡು ಎರಡು ಎಂದು ಬರೆದರೆ ಅದು ಜೀವಕ್ಕೆ ಕುತ್ತು ತರುವ ಶೆಡ್ಯೂಲ್.

ಹಂತ 3: ಅವಧಿಯನ್ನು ಭಾಗಿಸಬೇಡಿ, ಬಿಡಿಸಿ

ಒಬ್ಬರಿಗೆ ಆರು ಗಂಟೆ ಹಿಡಿಯುವ ಕೆಲಸ ಇಬ್ಬರಿಗೆ ಮೂರು ಗಂಟೆ ಎಂದು ಲೆಕ್ಕ ಹಾಕುವುದು ಈ ಇಡೀ ವಿಷಯದಲ್ಲಿ ಅತಿ ದುಬಾರಿ ತಪ್ಪು. ಪ್ರತಿ ಕೆಲಸದಲ್ಲೂ ಮೂರು ಬಗೆಯ ಹೊತ್ತು ಇರುತ್ತದೆ: ಇಬ್ಬರೂ ಒಟ್ಟಿಗೆ ಕೈ ಹಾಕಲೇಬೇಕಾದ ಹೊತ್ತು, ಇಬ್ಬರೂ ಹಂಚಿಕೊಂಡು ಬೇರೆ ಬೇರೆ ಮಾಡಬಹುದಾದ ಹೊತ್ತು, ಮತ್ತು ಒಬ್ಬರು ಮಾಡುವಾಗ ಇನ್ನೊಬ್ಬರು ಸುಮ್ಮನಿರಬೇಕಾದ ಹೊತ್ತು. ಅರ್ಧವಾಗುವುದು ನಡುವಿನದು ಮಾತ್ರ.

ಹೊರಗೋಡೆಗೆ ಸ್ಪ್ಲಿಟ್ ಎಸಿ ಕೂರಿಸುವ ಕೆಲಸವನ್ನೇ ಉದಾಹರಣೆಗೆ ಬಿಡಿಸೋಣ. ಅಂಕಿಗಳು ಲೆಕ್ಕದ ಸಲುವಾಗಿ ಇಟ್ಟುಕೊಂಡವು. ಬ್ರಾಕೆಟ್ ಹೊಡೆದು ಹೊರ ಯೂನಿಟ್ಟನ್ನು ಎತ್ತಿ ಕೂರಿಸಲು ಇಬ್ಬರೂ ಸೇರಿ 60 ನಿಮಿಷ. ಒಳ ಯೂನಿಟ್, ಪೈಪ್, ವೈರಿಂಗ್, ನೀರಿನ ಕೊಳವೆ ಇವನ್ನು ಹಂಚಿಕೊಳ್ಳಬಹುದು. ಒಬ್ಬರೇ ಮಾಡಿದರೆ 120, ಹಂಚಿಕೊಂಡರೆ 60 ನಿಮಿಷ. ಒತ್ತಡ ಪರೀಕ್ಷೆ, ವ್ಯಾಕ್ಯೂಮ್ (ಪೈಪಿನೊಳಗಿನ ಗಾಳಿ ತೆಗೆಯುವುದು), ಚಾಲೂ ಮಾಡಿ ನೋಡುವುದು ಒಬ್ಬರ ಕೆಲಸ, 60 ನಿಮಿಷ. ಸೈಟಿನಲ್ಲಿ ಒಟ್ಟು ಹಿಡಿಯುವುದು 180 ನಿಮಿಷ. ಈಗ ದುಡಿಮೆಯ ನಿಮಿಷಗಳನ್ನೆಲ್ಲ ಕೂಡಿಸಿ ಎರಡರಿಂದ ಭಾಗಿಸಿ ನೋಡಿ: ಮೊದಲ ಭಾಗಕ್ಕೆ ಇಬ್ಬರ 120, ಎರಡನೆಯದಕ್ಕೆ 120, ಕೊನೆಯದಕ್ಕೆ 60, ಒಟ್ಟು 300, ಅರ್ಧ ಮಾಡಿದರೆ 150. ಒಂದು ಕೆಲಸಕ್ಕೆ 30 ನಿಮಿಷ ಕಡಿಮೆ ಬಂತು. ದಿನಕ್ಕೆ ಇಂಥ ಮೂರು ಕೆಲಸ ಹಾಕಿದರೆ ಸಂಜೆಗೆ ಒಂದೂವರೆ ಗಂಟೆ ತಡ. ಟೆಕ್ನಿಷಿಯನ್‌ಗಳು ನಿಧಾನ ಎಂದು ಬೈಸಿಕೊಳ್ಳುವುದು ಅನೇಕ ಸಲ ಈ ಭಾಗಾಕಾರದ ದೆಸೆಯಿಂದ.

ಮೂರನೇ ಬಗೆಯ ಹೊತ್ತಿನಲ್ಲಿ ಇನ್ನೊಬ್ಬರು ಏನು ಮಾಡುತ್ತಾರೆ ಎಂಬುದನ್ನೂ ಜಾಬ್ ಕಾರ್ಡಿನಲ್ಲೇ ಬರೆಯಿರಿ: ಜಾಗ ಚೊಕ್ಕಟ ಮಾಡುವುದು, ಫೋಟೊ ತೆಗೆಯುವುದು, ಬಳಸುವ ಬಗೆಯನ್ನು ಗ್ರಾಹಕರಿಗೆ ತೋರಿಸುವುದು, ಸಾಮಾನು ಗಾಡಿಗೆ ಏರಿಸುವುದು. ಆ ಒಂದು ಗಂಟೆಗೆಂದು ಅವರನ್ನು ಪಕ್ಕದ ಬೀದಿಯ ಇನ್ನೊಂದು ಕಾಲ್‌ಗೆ, ಅಂದರೆ ಇನ್ನೊಬ್ಬ ಗ್ರಾಹಕರ ಕೆಲಸಕ್ಕೆ, ಕಳಿಸುವ ಆಸೆ ಡಿಸ್ಪ್ಯಾಚರಿಗೆ ಬಂದೇ ಬರುತ್ತದೆ. ಗಾಡಿ ಒಂದೇ ಇದ್ದರೆ ಬೇಡ. ಅಲ್ಲಿ ಕೆಲಸ ಎಳೆದರೆ ಎರಡು ಸೈಟುಗಳೂ ನಿಲ್ಲುತ್ತವೆ.

ಹಂತ 4: ಕೌಶಲ ಪಟ್ಟಿಯನ್ನು ಎರಡು ಬಣ್ಣದಲ್ಲಿ ಮಾಡಿ

ಸಾಲುಗಳಲ್ಲಿ ಟೆಕ್ನಿಷಿಯನ್‌ಗಳು, ಅಂಕಣಗಳಲ್ಲಿ ಕೌಶಲಗಳು. ಪ್ರತಿ ಮನೆಯಲ್ಲಿ 0ಯಿಂದ 3: ಗೊತ್ತಿಲ್ಲ, ಜೊತೆಯಲ್ಲಿದ್ದರೆ ಮಾಡುತ್ತಾರೆ, ತಾವೇ ಮಾಡುತ್ತಾರೆ, ಇತರರಿಗೆ ಕಲಿಸುತ್ತಾರೆ. ಇದನ್ನು ಮ್ಯಾನೇಜರ್ ಒಬ್ಬರೇ ಕೂತು ತುಂಬಬಾರದು. ಟೆಕ್ನಿಷಿಯನ್‌ಗಳನ್ನು ಎದುರಿಗೆ ಕೂರಿಸಿಕೊಂಡು ತುಂಬಿ. ತಮ್ಮ ಕೈಲಾಗದ್ದನ್ನು ಅವರೇ ಸರಿಯಾಗಿ ಹೇಳುತ್ತಾರೆ.

ಇನ್ನು ಬಣ್ಣ: ಎರಡು ಬಗೆಯ ಕೌಶಲಕ್ಕೆ ಒಂದೊಂದು. ಕೆಲವು ಕೌಶಲ ತಂಡದಲ್ಲಿ ಒಬ್ಬರಿಗಿದ್ದರೆ ಸಾಕು: ಪಿಎಲ್‌ಸಿ (ಯಂತ್ರ ನಿಯಂತ್ರಿಸುವ ಕಂಪ್ಯೂಟರ್) ಪ್ರೋಗ್ರಾಮಿಂಗ್, ಫೈಬರ್ ಕೇಬಲ್ ಬೆಸೆಯುವ ಸ್ಪ್ಲೈಸಿಂಗ್, ಲೋಹದ ಪೈಪ್ ಬೆಸೆಯುವ ಬ್ರೇಜಿಂಗ್. ಇನ್ನು ಕೆಲವು ಪ್ರತಿಯೊಬ್ಬರಿಗೂ ಇರಲೇಬೇಕು. ಎತ್ತರದ ಕೆಲಸದ ತರಬೇತಿ ಮೇಲೆ ಹತ್ತುವ ಎಲ್ಲರಿಗೂ ಬೇಕು, ಸೈಟ್ ಪ್ರವೇಶದ ಪಾಸು ಒಳಗೆ ಹೋಗುವ ಎಲ್ಲರಿಗೂ ಬೇಕು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿಟ್ಟರೆ, ‘ತಂಡಕ್ಕೆ ತರಬೇತಿ ಇದೆ’ ಎಂದು ಕಾಣುತ್ತದೆ, ಆದರೆ ಗೇಟಿನಲ್ಲಿ ಒಬ್ಬರನ್ನು ಒಳಗೆ ಬಿಡುತ್ತಾರೆ, ಇನ್ನೊಬ್ಬರನ್ನು ತಡೆಯುತ್ತಾರೆ. ಸಾಫ್ಟ್‌ವೇರ್ ಬಳಸುವವರು ಇದನ್ನು ಖುದ್ದು ಪರೀಕ್ಷಿಸಿ: ತಂಡದ ಒಬ್ಬ ಸದಸ್ಯರ ತರಬೇತಿ ಅವಧಿ ಮುಗಿದಿದೆ ಎಂದು ನಮೂದಿಸಿ ಬುಕಿಂಗ್ ಮಾಡಿ. ತಕರಾರಿಲ್ಲದೆ ಬುಕ್ ಆಯಿತೆಂದರೆ ಆ ತಪಾಸಣೆಯನ್ನು ನೀವೇ ಕೈಯಾರೆ ಮಾಡಬೇಕು.

ಹಂತ 5: ತಂಡ ಕಟ್ಟಿ, ಒಬ್ಬರಿಗೆ ಹೊಣೆ ಕೊಡಿ

ತಂಡ ಕಟ್ಟಲು ಮೂರು ದಾರಿಗಳಿವೆ. ಸದಾ ಅದೇ ಜನರಿರುವ ಸ್ಥಿರ ತಂಡ. ಕೆಲಸ ಬಂದಾಗ ಸೇರಿಸಿ, ಮುಗಿದಾಗ ಬಿಡಿಸುವ ತಂಡ. ಲೀಡ್ (ತಂಡದ ಮುಂದಾಳು) ಸ್ಥಿರ, ಜೊತೆಗಾರರು ಬದಲಾಗುವ ತಂಡ. ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ಮೂರನೆಯದು. ಸ್ಥಿರ ಜೋಡಿ ಮಾತೇ ಆಡದೆ ಚುರುಕಾಗಿ ಕೆಲಸ ಮಾಡುತ್ತದೆ ನಿಜ. ಆದರೆ ಒಬ್ಬರು ರಜೆ ಹಾಕಿದ ದಿನ ಇನ್ನೊಬ್ಬರೂ ಅರ್ಧ ನಿಂತಂತೆ. ಆಗಾಗ ಸೇರಿಸಿ ಬಿಡಿಸುವ ತಂಡದಲ್ಲಿ ದಿನವೂ ಯಾರು ಏನು ಮಾಡಬೇಕು ಎಂಬ ಮಾತು ಹೊಸದಾಗಿ ಶುರುವಾಗುತ್ತದೆ.

ಎಲ್ಲ ಟೆಕ್ನಿಷಿಯನ್‌ಗಳನ್ನೂ ಒಮ್ಮೆಲೇ ತಂಡಗಳಿಗೆ ಹಂಚಬೇಡಿ. ಒಂದು ತಂಡ ಕಟ್ಟಿ, ಉಳಿದವರು ಎಂದಿನಂತೆ ಒಂಟಿ ಕಾಲ್‌ಗಳನ್ನು ನೋಡಿಕೊಳ್ಳಲಿ.

ಲೀಡ್ ಯಾರೆಂದು ಮೊದಲೇ ಹೆಸರಿಸಿ. ಅವರು ಎಲ್ಲರಿಗಿಂತ ಹಿರಿಯರೇ ಆಗಿರಬೇಕೆಂದಿಲ್ಲ. ಗ್ರಾಹಕರ ಜೊತೆ ಮಾತಾಡುವುದು, ಡಿಸ್ಪ್ಯಾಚರಿಗೆ ಸುದ್ದಿ ಮುಟ್ಟಿಸುವುದು, ಕೆಲಸ ಹಂಚುವುದು, ಅಪಾಯ ಕಂಡರೆ ನಿಲ್ಲಿಸುವುದು, ಜಾಬ್ ಕಾರ್ಡ್ ಮುಚ್ಚುವುದು, ಈ ಐದು ಹೊಣೆ ಅವರದು. ‘ಇಬ್ಬರೂ ಅನುಭವಿಗಳು, ಹೊಂದಿಕೊಂಡು ಹೋಗುತ್ತಾರೆ’ ಎಂದು ಬಿಟ್ಟರೆ, ತಡವಾಗುತ್ತಿದೆ ಎಂದು ಫೋನ್ ಮಾಡಲು ಪ್ರತಿಯೊಬ್ಬರೂ ಇನ್ನೊಬ್ಬರ ಮೇಲೆ ಬಿಟ್ಟಿರುತ್ತಾರೆ, ಕೊನೆಗೆ ಯಾರೂ ಮಾಡಿರುವುದಿಲ್ಲ.

ಹಂತ 6: ಈಗ ಕ್ಯಾಲೆಂಡರ್ ತೆರೆಯಿರಿ

ತುಂಬುವ ಕ್ರಮ ಇದು. ಮೊದಲು ರಜೆ, ತರಬೇತಿ, ಆನ್‌ಕಾಲ್ ಮುಗಿದ ಮರುದಿನದ ವಿಶ್ರಾಂತಿ. ಆಮೇಲೆ ಹೊತ್ತು ಬದಲಿಸಲಾಗದ ತಂಡದ ಕೆಲಸಗಳು, ನಂತರ ಉಳಿದ ತಂಡದ ಕೆಲಸಗಳು. ಒಬ್ಬರೇ ಮಾಡುವ ಕಾಲ್‌ಗಳನ್ನು ಕೊನೆಗೆ, ಉಳಿದ ಜಾಗಕ್ಕೆ ಹಾಕಿ. ಒಂಟಿ ಕಾಲ್‌ಗಳನ್ನು ಮೊದಲು ತುಂಬಿದರೆ ಎಲ್ಲರ ಬಿಡುವೂ ಒಂದೇ ಹೊತ್ತಿಗೆ ಬೀಳುವುದು ಅಪರೂಪ.

ತಂಡದ ಕೆಲಸವನ್ನು ದಿನದ ಮೊದಲ ಸ್ಲಾಟಿಗೆ ಹಾಕುವುದು ಅಭ್ಯಾಸವಾಗಲಿ. ಬೆಳಿಗ್ಗೆ ಯಾರ ಹಿಂದಿನ ಕೆಲಸವೂ ಎಳೆದಿರುವುದಿಲ್ಲ. ಮಧ್ಯಾಹ್ನ ಹಾಗಲ್ಲ: ಒಬ್ಬೊಬ್ಬರೂ ಹತ್ತರಲ್ಲಿ ಎಂಟು ಸಲ ಹೊತ್ತಿಗೆ ಸರಿಯಾಗಿ ತಲುಪುವವರೇ ಆದರೂ, ಬೇರೆ ಬೇರೆ ಸೈಟಿನಿಂದ ಬರುವ ಇಬ್ಬರೂ ಸಮಯಕ್ಕೆ ಸೇರುವುದು ನೂರಕ್ಕೆ 64 ಸಲ, ಮೂವರಾದರೆ 51 ಸಲ. ತಂಡದ ಕೆಲಸ ಶುರುವಾಗುವುದು ಕೊನೆಯವರು ಬಂದಾಗ. ಮಧ್ಯಾಹ್ನವೇ ಆಗಬೇಕೆಂದಿದ್ದರೆ, ಅದಕ್ಕೆ ಮೊದಲು ಎಲ್ಲರಿಗೂ ಎಳೆಯುವ ಸಂಭವ ಕಡಿಮೆ ಇರುವ ಸಣ್ಣ ಕೆಲಸ ಕೊಡಿ, ನಡುವೆ ಬಫರ್ ಆಗಿ ಒಂದಷ್ಟು ಹೊತ್ತು ಖಾಲಿ ಬಿಡಿ.

ಪ್ರಯಾಣವನ್ನು ತಲಾ ಲೆಕ್ಕದಲ್ಲಿ ನೋಡಿ. 40 ನಿಮಿಷದ ದಾರಿ ಇಬ್ಬರಿಗೆ 80 ನಿಮಿಷದ ದುಡಿಮೆ, ಮೂವರಿಗೆ ಎರಡು ಗಂಟೆ. ಹಾಗಾಗಿ ಒಂದು ದಿನದ ತಂಡದ ಕೆಲಸಗಳು ಆದಷ್ಟು ಅಕ್ಕಪಕ್ಕ ಇರಲಿ. ದೂರದ ಒಂಟಿ ಕಾಲ್ ಒಬ್ಬರಿಗೆ ಹೋಗಲಿ.

ಮೂರನೆಯವರು ಇಡೀ ದಿನ ಬೇಡ, ಯೂನಿಟ್ ಎತ್ತುವ ಒಂದು ಗಂಟೆಗೆ ಸಾಕು ಎಂಬ ಕೆಲಸಗಳೂ ಇರುತ್ತವೆ. ಆ ಒಂದು ಗಂಟೆಯನ್ನು ಅವರ ಕ್ಯಾಲೆಂಡರಿನಲ್ಲಿ ಪ್ರತ್ಯೇಕ ಬುಕಿಂಗ್ ಮಾಡಿ, ಮುಖ್ಯ ಕೆಲಸದ ಸಂಖ್ಯೆ ಬರೆದು ಜೋಡಿಸಿ, ಮತ್ತು ದಿನದ ಆರಂಭಕ್ಕೇ ಇಡಿ. ‘ಸುಮಾರು ಹನ್ನೊಂದೂವರೆಗೆ ಬನ್ನಿ’ ಎಂದರೆ, ಮುಖ್ಯ ಕೆಲಸ ಜಾರಿದಷ್ಟೂ ಅವರ ಇಡೀ ದಿನ ಜಾರುತ್ತದೆ.

ಒಬ್ಬರ ದಿನವನ್ನು ಬೇಕೆಂದೇ ಸಡಿಲವಾಗಿಡಿ. ಯಾವ ದಿನಕ್ಕಾದರೂ ಸರಿಸಬಹುದಾದ ತಪಾಸಣೆ, ನಿಯಮಿತ ಸರ್ವಿಸ್ ಕೆಲಸಗಳನ್ನು ಅವರಿಗೆ ಕೊಟ್ಟರೆ, ತಂಡದಲ್ಲಿ ಜಾಗ ಖಾಲಿಯಾದಾಗ ಗ್ರಾಹಕರಿಗೆ ತೊಂದರೆಯಾಗದಂತೆ ಅವರನ್ನು ಎಳೆದುಕೊಳ್ಳಬಹುದು.

ಕೊನೆಯದಾಗಿ ಬೀಗದ ಹೊತ್ತು. ಹಿಂದಿನ ಸಂಜೆ ಇಂತಿಷ್ಟು ಹೊತ್ತಿಗೆ ಎಂದು ಗೊತ್ತು ಮಾಡಿ. ಅದಾದ ಮೇಲೆ ಸೂಪರ್‌ವೈಸರ್ ಒಪ್ಪದೆ ತಂಡದಿಂದ ಯಾರನ್ನೂ ತೆಗೆಯುವಂತಿಲ್ಲ. ಆ ಹೊತ್ತಿಗೆ ಲೀಡ್‌ಗೆ ಒಂದು ಸಂದೇಶ ಹೋಗಲಿ: ‘ನಾಳೆ 9ಕ್ಕೆ ಚಾವಣಿ ಯೂನಿಟ್ ಬದಲಾವಣೆ. ನೀವು ಮತ್ತು ಇನ್ನಿಬ್ಬರು. ಕನಿಷ್ಠ 2, ಪೂರ್ಣ 3. ದೊಡ್ಡ ಗಾಡಿ ನಿಮ್ಮದು. ಬಿಡಿಭಾಗ ಸ್ಟೋರಿನಲ್ಲಿ ಕಟ್ಟಿಟ್ಟಿದೆ. ಗೇಟ್ ಪಾಸ್ ಮೂವರಿಗೂ ಆಗಿದೆ.’ ಇದರಲ್ಲಿ ಒಂದು ಸಾಲನ್ನು ಬರೆಯಲಾಗದಿದ್ದರೂ ಆ ಬುಕಿಂಗ್ ಇನ್ನೂ ಪಕ್ಕಾ ಆಗಿಲ್ಲ.

ಹಂತ 7: ಗಾಡಿ ಮತ್ತು ಉಪಕರಣ

ಸಾಧ್ಯವಿದ್ದರೆ ತಂಡ ಒಂದೇ ಗಾಡಿಯಲ್ಲಿ ಹೊರಡಲಿ. ಉಪಕರಣಗಳನ್ನೂ ಕ್ಯಾಲೆಂಡರಿನಲ್ಲಿ ಬುಕ್ ಮಾಡಿ. ಇಬ್ಬರು ಜನರಿದ್ದು ವ್ಯಾಕ್ಯೂಮ್ ಪಂಪ್ ಇನ್ನೊಂದು ಸೈಟಿನಲ್ಲಿದ್ದರೆ ಅದು ತಂಡವಲ್ಲ.

ತಲೆಗೊಂದರಂತೆ ಬೇಕಾದ್ದು ಯಾವುದು, ತಂಡಕ್ಕೆ ಒಂದು ಸಾಕಾಗುವುದು ಯಾವುದು ಎಂದು ಬೇರೆ ಬರೆಯಿರಿ. ಹೆಲ್ಮೆಟ್, ಹಾರ್ನೆಸ್, ಕೈಗವಸು ತಲೆಗೊಂದು. ಯಂತ್ರದ ವಿದ್ಯುತ್ ಕಡಿದು ಬೀಗ ಹಾಕಿ ಕೆಲಸ ಮಾಡುವ ಕಡೆ ಬೀಗವೂ ತಲೆಗೊಂದು: ಪ್ರತಿಯೊಬ್ಬರೂ ತಮ್ಮದೇ ಬೀಗ ಹಾಕಬೇಕು, ತಮ್ಮದೇ ಕೀಲಿ ಇಟ್ಟುಕೊಳ್ಳಬೇಕು. ತಂಡಕ್ಕೆಲ್ಲ ಒಂದೇ ಬೀಗ ಹಾಕಿದರೆ, ಒಬ್ಬರು ಬಿಚ್ಚುವಾಗ ಇನ್ನೊಬ್ಬರ ಕೈ ಯಂತ್ರದೊಳಗಿರಬಹುದು.

ಹಂತ 8: ಯಾರಾದರೂ ಬಾರದಿದ್ದರೆ ಏನು ಎಂದು ಮೊದಲೇ ತೀರ್ಮಾನಿಸಿ

ತಂಡದ ಶೆಡ್ಯೂಲ್ ಸಾಮಾನ್ಯವಾಗಿ ಮುರಿಯುವುದು ಬೆಳಗಿನ ಒಂದು ಫೋನ್ ಕರೆಗೆ. ಒಬ್ಬೊಬ್ಬರೂ ನೂರರಲ್ಲಿ 90 ದಿನ ಹಾಜರಿರುತ್ತಾರೆ ಎಂದುಕೊಳ್ಳಿ, ಒಬ್ಬರ ಗೈರಿಗೂ ಇನ್ನೊಬ್ಬರ ಗೈರಿಗೂ ಸಂಬಂಧವಿಲ್ಲ ಎಂದೂ ಇಟ್ಟುಕೊಳ್ಳಿ. ಇಬ್ಬರ ತಂಡ ಪೂರ್ತಿ ಸೇರುವುದು 81 ದಿನ, ಮೂವರದು ಸುಮಾರು 73, ನಾಲ್ವರದು ಸುಮಾರು 66. ನಾಲ್ವರ ತಂಡ ಕಟ್ಟಿದವರಿಗೆ ಮೂರು ದಿನಕ್ಕೊಮ್ಮೆ ಯಾರಾದರೂ ಒಬ್ಬರು ಇರುವುದಿಲ್ಲ. ಇದನ್ನು ಆಕಸ್ಮಿಕ ಎಂದು ಕರೆಯಬೇಡಿ, ಇದು ಶೆಡ್ಯೂಲಿನ ಒಂದು ಭಾಗ. ತಂಡವನ್ನು ಆದಷ್ಟು ಚಿಕ್ಕದಾಗಿಡಿ ಎಂದು ನಾನು ಒತ್ತಿ ಹೇಳುವುದೂ ಇದಕ್ಕೇ.

ಪ್ರತಿ ತಂಡದ ಕೆಲಸದ ಎದುರು ಒಂದು ಸಾಲು ಬರೆದಿಡಿ. ಬಂದವರು ಕನಿಷ್ಠ ಸಂಖ್ಯೆಗಿಂತ ಕಡಿಮೆಯಿದ್ದರೆ ಮೊದಲು ಸಡಿಲ ದಿನದವರನ್ನು ಕರೆಯಿರಿ; ಅವರೂ ಸಿಗದಿದ್ದರೆ ಕೆಲಸ ಶುರುವಾಗುವುದಿಲ್ಲ, ಗ್ರಾಹಕರಿಗೆ ಆ ಕ್ಷಣವೇ ತಿಳಿಸಬೇಕು. ಕನಿಷ್ಠ ಇದ್ದು ಪೂರ್ಣ ಇಲ್ಲದಿದ್ದರೆ ಕೆಲಸ ಶುರುವಾಗುತ್ತದೆ, ಆದರೆ ಅವಧಿಯನ್ನು ಕೂಡಲೇ ಹಿಗ್ಗಿಸಿ, ಮುಂದಿನ ಸ್ಲಾಟನ್ನು ಬೇರೆಯವರಿಗೆ ಕೊಡಿ. ಇಲ್ಲಿ ಆಗುವ ತಪ್ಪು ಒಂದೇ: ಜನ ಕಡಿಮೆಯಾದರೂ ಅವಧಿಯನ್ನು ಹಾಗೇ ಬಿಡುವುದು.

ಕೆಲಸ ಮುಂದೂಡಿದರೆ, ಬಂದ ಒಬ್ಬರು ಆ ದಿನ ಏನು ಮಾಡುತ್ತಾರೆ ಎಂಬುದೂ ಆ ಸಾಲಿನಲ್ಲೇ ಇರಲಿ. ಸೈಟ್ ನೋಡಿ ಅಳತೆ ತೆಗೆಯುವುದು, ಬಿಡಿಭಾಗ ಸರಿಯಿದೆಯೇ ಎಂದು ತಾಳೆ ನೋಡುವುದು, ಅಪಾಯವಿಲ್ಲದ ಪೂರ್ವಸಿದ್ಧತೆ, ಇವೆಲ್ಲ ಒಬ್ಬರಿಂದ ಆಗುತ್ತವೆ. ಇದನ್ನು ಬರೆದಿಡದಿದ್ದರೆ, ‘ಬಂದಿದ್ದೀನಲ್ಲ, ನಾನೇ ಮಾಡಿಬಿಡ್ತೀನಿ’ ಎಂದು ಒಬ್ಬರೇ ಏಣಿ ಹತ್ತುತ್ತಾರೆ. ಗ್ರಾಹಕರ ಮುಂದೆ ಕೈಕಟ್ಟಿ ನಿಲ್ಲುವುದು ಒಳ್ಳೆಯ ಕೆಲಸಗಾರರಿಗೆ ಕಷ್ಟ. ಆ ಇಕ್ಕಟ್ಟಿಗೆ ಅವರನ್ನು ದೂಡದಿರುವುದು ಕಚೇರಿಯವರ ಕರ್ತವ್ಯ.

ತುರ್ತು ಕರೆ ಬಂದಾಗಲೂ ನಿಯಮ ಬೇಕು. ಮೊದಲು ಒಂಟಿಯಾಗಿರುವವರನ್ನು ಕೇಳಿ. ತಂಡದಿಂದಲೇ ಒಬ್ಬರು ಹೋಗಬೇಕಾದರೆ ಯಾವಾಗ ಬಿಡಬಹುದು ಎಂದು ಹೇಳುವುದು ಲೀಡ್: ‘ಯೂನಿಟ್ ಗೋಡೆಗೆ ಕೂತ ಮೇಲೆ ಬಿಡ್ತೀನಿ, ಇನ್ನು ಇಪ್ಪತ್ತು ನಿಮಿಷ.’ ಆ ಮಾತನ್ನು ಡಿಸ್ಪ್ಯಾಚರ್ ಮೀರಬಾರದು.

ಹಂತ 9: ಜಾಬ್ ಕಾರ್ಡ್ ಮತ್ತು ಹಣ

ಕೆಲಸ ಒಂದು, ಕಾರ್ಡ್ ಒಂದು, ಮುಚ್ಚುವವರು ಲೀಡ್ ಒಬ್ಬರೇ. ಆದರೆ ಸಮಯವನ್ನು ಪ್ರತಿಯೊಬ್ಬರೂ ತಮ್ಮದನ್ನು ತಾವೇ ಬರೆಯಬೇಕು. ಇಬ್ಬರೂ ಬೇರೆ ಬೇರೆ ಕಾರ್ಡ್ ಮುಚ್ಚಿದರೆ ಒಂದು ಕೆಲಸ ಎರಡೆಂದು ಎಣಿಕೆಯಾಗುತ್ತದೆ. ಲೀಡ್ ಒಬ್ಬರೇ ಎಲ್ಲರ ಸಮಯ ಬರೆದರೆ ಓವರ್‌ಟೈಮ್ ಲೆಕ್ಕದಲ್ಲಿ ಜಗಳ.

ಕಾಲ್‌ಗೆ ಇಷ್ಟು ಎಂದು ಪ್ರೋತ್ಸಾಹಧನ ಕೊಡುವ ಕಡೆ, ತಂಡದ ಕೆಲಸದ ಪಾಲು ಹೇಗೆ ಎಂದು ಮೊದಲ ದಿನಕ್ಕೂ ಮೊದಲೇ ಬರೆದು ಎಲ್ಲರಿಗೂ ತಿಳಿಸಿ. ಒಂಟಿಯಾಗಿ ನಾಲ್ಕು ಕಾಲ್ ಮುಗಿಸಿದವರಿಗೆ ನಾಲ್ಕರ ಹಣ, ಇಡೀ ದಿನ ಚಾವಣಿಯಲ್ಲಿ ಬೆವರು ಸುರಿಸಿದವರಿಗೆ ಅರ್ಧ ಕಾಲ್‌ನ ಹಣ ಎಂದಾದರೆ ತಂಡಕ್ಕೆ ಯಾರೂ ಬರುವುದಿಲ್ಲ. ತಂಡದ ಕೆಲಸವನ್ನು ಕಾಲ್ ಎಣಿಕೆಯಿಂದ ಹೊರಗಿಟ್ಟು ಗಂಟೆಯ ಲೆಕ್ಕಕ್ಕೆ ತರುವುದು ನನಗೆ ಸರಿಯೆನಿಸುವ ದಾರಿ.

ಹಂತ 10: ಒಂದೇ ತಂಡದಿಂದ ಪರೀಕ್ಷೆ, ನಾಲ್ಕೇ ಅಳತೆ

ಒಂದೇ ಬಗೆಯ ಕೆಲಸ ಆರಿಸಿ ನಾಲ್ಕರಿಂದ ಆರು ವಾರ ನಡೆಸಿ. ಅಷ್ಟರೊಳಗೆ ಒಂದಾದರೂ ಗೈರು, ಒಂದಾದರೂ ತುರ್ತು ಕರೆ ಬಂದಿರುತ್ತದೆ. ನೋಡಬೇಕಾದ ಅಳತೆಗಳು: ಮೊದಲ ಭೇಟಿಯಲ್ಲೇ ಮುಗಿದ ಕೆಲಸ ಎಷ್ಟು, ಒಂದು ಕೆಲಸಕ್ಕೆ ಪ್ರಯಾಣವೂ ಸೇರಿ ಎಷ್ಟು ಜನಗಂಟೆ (ಪ್ರತಿಯೊಬ್ಬರ ಗಂಟೆಗಳ ಒಟ್ಟು ಮೊತ್ತ) ಹಿಡಿಯಿತು, ಜೊತೆಗಾರರಿಗಾಗಿ ಕಾದ ನಿಮಿಷ ಎಷ್ಟು, ಅಂದಾಜಿನ ಅವಧಿಗೂ ನಿಜದ ಅವಧಿಗೂ ಅಂತರ ಎಷ್ಟು. ದಿನಕ್ಕೆ ಒಬ್ಬರು ಎಷ್ಟು ಕಾಲ್ ಮುಗಿಸಿದರು ಎಂಬ ಹಳೆಯ ಅಳತೆಯನ್ನು ಇಲ್ಲಿಗೆ ತರಬೇಡಿ; ಅದು ಇಳಿದೇ ಇಳಿಯುತ್ತದೆ.

ಜನಗಂಟೆಯನ್ನು ಹೋಲಿಸುವಾಗ ಹಳೆಯ ಪದ್ಧತಿಯ ಎರಡನೇ ಭೇಟಿಯನ್ನೂ ಕೂಡಿಸಬೇಕು. ಮೊದಲು ಒಬ್ಬರು ಮೂರು ಗಂಟೆ, ಮರುದಿನ ಇಬ್ಬರು ಮತ್ತೆ ಎರಡು ಗಂಟೆ ಎಂದರೆ ಅದು ಏಳು ಜನಗಂಟೆ. ಮೊದಲೇ ಇಬ್ಬರು ಹೋಗಿ ಮೂರು ಗಂಟೆಯಲ್ಲಿ ಮುಗಿಸಿದರೆ ಆರು. ಮೊದಲ ಭೇಟಿಯನ್ನಷ್ಟೇ ಹಿಡಿದು ನೋಡಿದರೆ ತಂಡ ಯಾವಾಗಲೂ ದುಬಾರಿಯಾಗಿಯೇ ಕಾಣುತ್ತದೆ.

ಎಚ್ಚರಿಕೆಯ ಲಕ್ಷಣಗಳು

ವಾರಕ್ಕೆ ಎರಡು ಮೂರು ಸಲ ಹಿಂದಿನ ರಾತ್ರಿ ತಂಡ ಬದಲಾಗುತ್ತಿದ್ದರೆ ಹಂತ 6ರ ಕ್ರಮ ತಪ್ಪಿದೆ. ಒಂಟಿ ಕಾಲ್‌ಗಳು ಮೊದಲು ತುಂಬುತ್ತಿವೆ.

ಕೆಲಸಗಳು ದಿನವೂ ಒಂದೇ ಪ್ರಮಾಣದಲ್ಲಿ ತಡವಾಗುತ್ತಿದ್ದರೆ ಅದು ಜನರ ದೋಷವಲ್ಲ, ಹಂತ 3ರ ಲೆಕ್ಕದ ದೋಷ. ಒಂದು ದಿನ ವಿಪರೀತ ತಡ, ಮರುದಿನ ಬೇಗ ಎಂದಿದ್ದರೆ ಬಿಡಿಭಾಗ ಮತ್ತು ಸೈಟಿನ ಸಿದ್ಧತೆಯನ್ನು ನೋಡಿ.

ತಂಡದ ಒಬ್ಬ ಸದಸ್ಯರ ಸಮಯದ ಹಾಳೆ ಸದಾ ಲೀಡ್‌ನ ಹಾಳೆಯ ನಕಲಿನಂತಿದ್ದರೆ ಯಾರೋ ಒಬ್ಬರೇ ಎರಡನ್ನೂ ತುಂಬುತ್ತಿದ್ದಾರೆ. ಕೇಳಿ, ಆದರೆ ಗದರಬೇಡಿ. ಮೊಬೈಲ್‌ನಲ್ಲಿ ತುಂಬುವುದು ಕಷ್ಟವಾಗಿರಲೂಬಹುದು.

ಕನಿಷ್ಠ ಸಂಖ್ಯೆ ಎರಡೆಂದು ಬರೆದ ಕೆಲಸ ಒಬ್ಬರ ಹೆಸರಿನಲ್ಲೇ ಮುಗಿದಿದ್ದರೆ ಅದೇ ದಿನ ನಿಲ್ಲಿಸಿ ವಿಚಾರಿಸಬೇಕು. ‘ಏನೂ ಆಗಲಿಲ್ಲವಲ್ಲ’ ಎಂಬ ಉತ್ತರಕ್ಕೆ ಒಪ್ಪಬೇಡಿ. ಒಂದೋ ಆ ಸಂಖ್ಯೆ ತಪ್ಪು, ಅದನ್ನು ಕಾರಣ ಸಹಿತ ತಿದ್ದಬೇಕು. ಇಲ್ಲವೇ ಸಂಖ್ಯೆ ಸರಿ, ಒಬ್ಬರು ಅಪಾಯಕ್ಕೆ ಕೈ ಹಾಕಿದ್ದಾರೆ.

ಜೋಡಿಯಲ್ಲಿ ಒಬ್ಬರು ಪ್ರತಿ ಸಲವೂ ಎತ್ತುವ, ಹೊರುವ ಕೆಲಸವನ್ನೇ ಮಾಡುತ್ತಿದ್ದಾರೆ, ಕೌಶಲ ಪಟ್ಟಿಯಲ್ಲಿ ಅವರ ಅಂಕ ಮೂರು ತಿಂಗಳಾದರೂ ಕದಲಿಲ್ಲ ಎಂದಾದರೆ ಆ ಜೋಡಿಯನ್ನು ಬದಲಿಸುವ ಹೊತ್ತು ಬಂದಿದೆ. ಬದಲಿಸುವಾಗ ಲೀಡ್ ಹಾಗೂ ಜೊತೆಗಾರ ಇಬ್ಬರನ್ನೂ ಒಂದೇ ವಾರದಲ್ಲಿ ಬದಲಿಸಬೇಡಿ. ಮೊದಲು ಜೊತೆಗಾರರನ್ನು ಬದಲಿಸಿ, ಹೊಸ ಜೋಡಿಯ ಮೊದಲ ಎರಡು ಮೂರು ಕೆಲಸಗಳ ಅವಧಿಗೆ ಹೆಚ್ಚುವರಿ ಅರ್ಧ ಗಂಟೆ ಕೊಡಿ, ಆಮೇಲೆ ಕ್ಯಾಲೆಂಡರನ್ನು ಮತ್ತೆ ಬಿಗಿ ಮಾಡಿ.